ಕ್ಯಾಮೆರಾ ವೇಗ ಇದ್ದರೆ ಸಾಲದು

ಪ್ರಾಣಿ-ಪಕ್ಷಿಗಳ ಫೋಟೋ ತೆಗೆಯುವ ಬಗೆಗಿನ ನಿಮ್ಮ ಲೇಖನದಲ್ಲಿ, ಶಟರ್ ವೇಗ (ಕ್ಯಾಮೆರಾ ಬೆಳಕಿಗೆ ತೆರೆದು ಮುಚ್ಚುವ ವೇಗ) ಜಾಸ್ತಿ ಇಟ್ಟರೆ ಅವು ಬೇಟೆಯ ಮೇಲೆ ಎರಗುವ ದಾಳಿಯ ಫೋಟೋ ಸಿಕ್ಕೇ ಸಿಗುತ್ತದೆ ಎಂದು ಬರೆದಿದ್ದೀರಿ. ವೇಗ ಬೇಕು, ನಿಜ. ಮಿಂಚುಳ್ಳಿ ನೀರಿಗೆ ಧುಮುಕುವಾಗ ನಾನು 1/2500 ಸೆಕೆಂಡಿಗಾದರೂ ಇಡುತ್ತೇನೆ. ಆದರೆ ಕಣ್ಣಿಗೆ ಕಂಡ ಮೇಲೆ ಬೆರಳು ಒತ್ತಲು ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಹಕ್ಕಿ ನೀರೊಳಗೆ!

ಹಾಗಾಗಿ ಮೊದಲು ಪ್ರಾಣಿಯ ಮೈ ಓದಲು ಕಲಿಯಬೇಕು. ಬೆಕ್ಕು ನೆಗೆಯುವ ಮುಂಚೆ ನೆಲಕ್ಕೆ ಅಂಟಿಕೊಂಡು ಕೂತು, ಹಿಂಭಾಗವನ್ನು ಅತ್ತಿತ್ತ ಅಲ್ಲಾಡಿಸುತ್ತದೆ. ಬೆಳ್ಳಕ್ಕಿ ಕತ್ತನ್ನು ಹಿಂದಕ್ಕೆ ಎಳೆದು ಮಡಚುತ್ತದೆ. ಅಲ್ಲಿಂದಲೇ ಬರ್ಸ್ಟ್ (ಒಂದರ ಹಿಂದೊಂದು ಸತತ ಫೋಟೋ ತೆಗೆಯುವುದು) ಶುರು ಮಾಡಿ. ನನಗೆ ಆ ಬಿಗಿದ ಮೈಯ ಚಿತ್ರವೇ ಎಷ್ಟೋ ಸಲ ದಾಳಿಗಿಂತ ಹೆಚ್ಚು ಇಷ್ಟವಾಗುತ್ತದೆ.

ನಾಯಿಮರಿಗಳ ಬಗ್ಗೆ ನೀವು ಏನೂ ಹೇಳಲಿಲ್ಲ. ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿದರೆ ಅದು ಆಟಕ್ಕೆ ಕರೆಯುವ ಸನ್ನೆ. ಆಮೇಲೆ ಹಲ್ಲು ಕಂಡರೂ ಸಾಮಾನ್ಯವಾಗಿ ಅದು ಆಟವೇ. ಈಗ ಮೇಲಿದ್ದ ಮರಿ ಇನ್ನೊಂದು ಕ್ಷಣಕ್ಕೆ ಕೆಳಗಿರುತ್ತದೆ. ನಿಜವಾದ ಜಗಳದಲ್ಲಿ ಮೈ ಸೆಟೆದುಕೊಳ್ಳುತ್ತದೆ, ಅಲ್ವಾ? ಒಂದೇ ಫ್ರೇಮಿನಲ್ಲಿ ಈ ವ್ಯತ್ಯಾಸ ತಿಳಿಯುವುದು ಕಷ್ಟ. ಅದಕ್ಕೇ ಫೋಟೋ ಕೆಳಗೆ 'ಇದು ಆಟ' ಎಂದು ಬರೆಯುವುದು ಒಳ್ಳೆಯದು. ಸುಮ್ನೆ 'ಭೀಕರ ಕಾಳಗ' ಎಂದು ಹಾಕಿದರೆ ನೋಡುವವರಿಗೆ ಮೋಸ ಮಾಡಿದಂತೆ.

ಇನ್ನೊಂದು ಮಾತು. ಗೂಬೆಯ ಮುಂದೆ ಜೀವಂತ ಇಲಿ ಬಿಟ್ಟು ತೆಗೆದ ಚಿತ್ರವನ್ನು ನಾನು ಒಪ್ಪುವುದಿಲ್ಲ. ಗಂಟೆಗಟ್ಟಲೆ ಕಾದು ಬರಿಗೈಯಲ್ಲಿ ಬಂದರೂ ಪರವಾಗಿಲ್ಲ.