ಶಿಷ್ಯೆ ಅಂದುಬಿಟ್ಟರೆ ಮುಗೀತಾ?

ನಿನ್ನೆ ಸಂಜೆ ಫೋಟೋಗ್ರಫಿ ಬಗ್ಗೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಬಂದಾಗಿನಿಂದ ಸಿಟ್ಟು ಇಳಿದಿಲ್ಲ. 1920ರ ದಶಕದ ಯುರೋಪಿನ ಹೊಸ ಪ್ರಯೋಗಗಳ ಮೇಲೆ ಮಾತು. ಎರಡು ಗಂಟೆ ನಡೆಯಿತು. ಅದರಲ್ಲಿ ಫೋಟೋಗ್ರಾಫರ್ ಫ್ಲಾರೆನ್ಸ್ ಹೆನ್ರಿಗೆ ಸಿಕ್ಕಿದ್ದು ಒಂದೇ ಸ್ಲೈಡು, ಒಂದೇ ವಾಕ್ಯ. "ಇವರು ಮೊಹೋಲಿ-ನಾಗಿಯ ಶಿಷ್ಯೆ." ಅಷ್ಟು ಹೇಳಿ ಉಪನ್ಯಾಸಕರು ಮುಂದಿನ ಸ್ಲೈಡಿಗೆ ಹೋದರು.

ಶಿಷ್ಯೆ! ಆಕೆ ಮೊಹೋಲಿ-ನಾಗಿ ಪಾಠ ಮಾಡುತ್ತಿದ್ದ ಬೌಹೌಸ್‌ಗೆ, ಅಂದರೆ ಜರ್ಮನಿಯ ಡೆಸಾವ್‌ನಲ್ಲಿದ್ದ ಕಲೆ-ವಿನ್ಯಾಸದ ಶಾಲೆಗೆ, ಹೋಗಿದ್ದು 1927ರಲ್ಲಿ, ಒಂದು ಬೇಸಿಗೆ. ಹುಟ್ಟಿದ್ದು 1893ರಲ್ಲಿ. ಲೆಕ್ಕ ಹಾಕಿ, ಅಲ್ಲಿಗೆ ಬಂದವಳು ಹದಿನೆಂಟರ ಹುಡುಗಿಯಲ್ಲ. ಅಷ್ಟರಲ್ಲಿ ಹೆಸರಾಂತ ಪಿಯಾನೊ ವಾದಕ ಬುಸೋನಿಯಂಥವರ ಹತ್ತಿರ ಪಿಯಾನೊ ಕಲಿತಾಗಿತ್ತು. ಅದನ್ನು ಬಿಟ್ಟು ಚಿತ್ರಕಲೆಗೆ ಬಂದು, ಪ್ಯಾರಿಸ್‌ನಲ್ಲಿ ಚಿತ್ರಕಾರ ಲೆಜೆಯ ಹತ್ತಿರ ಕೆಲಸ ಮಾಡಿಯೂ ಆಗಿತ್ತು. ಕ್ಯಾಮೆರಾ ಹಿಡಿ ಅಂತ ಹುರಿದುಂಬಿಸಿದವರಲ್ಲಿ ಮೊಹೋಲಿ-ನಾಗಿಯ ಆಗಿನ ಹೆಂಡತಿ, ಫೋಟೋಗ್ರಾಫರ್ ಲೂಸಿಯಾ ಮೊಹೋಲಿಯೂ ಇದ್ದರು. ಆ ಹೆಸರಂತೂ ನಿನ್ನೆ ಬರಲೇ ಇಲ್ಲ.

ಆ ಸ್ಲೈಡಿನಲ್ಲಿದ್ದದ್ದು 1928ರ ಚಿತ್ರ. ಹಲಗೆ ಜೋಡಿಸಿದ ಮೇಜು. ಅದರ ತುದಿಗೆ ಉದ್ದನೆಯ ಕನ್ನಡಿ. ಕನ್ನಡಿಯ ಬುಡಕ್ಕೆ ತಾಗಿಸಿ ಚೆಂಡಿನಂಥ ಎರಡು ಲೋಹದ ಗುಂಡುಗಳು. ಕೈಕಟ್ಟಿ ಕೂತ ಆಕೆ ನಮಗೆ ಕಾಣುವುದು ಕನ್ನಡಿಯೊಳಗೆ ಮಾತ್ರ. ಮೇಜಿನ ಗೆರೆಗಳು ಕನ್ನಡಿಯೊಳಗೂ ಓಡುತ್ತವೆ. ಎಲ್ಲಿ ಮೇಜು ಮುಗಿಯಿತು, ಎಲ್ಲಿ ಪ್ರತಿಬಿಂಬ ಶುರುವಾಯಿತು ಅಂತ ಕಣ್ಣು ತಡಕಾಡುತ್ತದೆ. ಆಮೇಲೆ ಆಕೆ ಗುಂಡು, ನೂಲಿನ ಉರುಳೆ, ಹಣ್ಣು, ತಟ್ಟೆ ಹೀಗೆ ಕೈಗೆ ಸಿಕ್ಕಿದ ವಸ್ತುಗಳನ್ನೇ ಕನ್ನಡಿಗಳ ನಡುವೆ ಇಟ್ಟು ಆಟ ಕಟ್ಟಿದಳು. ಲಾನ್ವಿನ್ ಸೆಂಟಿನ ಜಾಹೀರಾತನ್ನೂ ಹಾಗೇ ಮಾಡಿದಳು.

ಸುಲಭ ಅನ್ನಿಸುತ್ತದೆ ಅಲ್ವಾ? ಹೋದ ವರ್ಷ ನಾನೂ ಮಾಡಿ ನೋಡಿದೆ. ಅಮ್ಮನ ಹೊಲಿಗೆ ಡಬ್ಬಿಯಿಂದ ಮೂರು ದಾರದ ಉಂಡೆ ತೆಗೆದು ಕನ್ನಡಿಗೆ ಒರಗಿಸಿ ಇಟ್ಟೆ. ನೇರ ನಿಂತರೆ ಕನ್ನಡಿಯಲ್ಲಿ ನನ್ನ ಕ್ಯಾಮೆರಾನೇ ಕಾಣುತ್ತದೆ. ಪಕ್ಕಕ್ಕೆ ಸರಿದರೆ ಪ್ರತಿಬಿಂಬವೂ ಸರಿದು ಪಕ್ಕದ ಉಂಡೆಯ ಹಿಂದೆ ಅಡಗುತ್ತದೆ. ಉಂಡೆ ಕನ್ನಡಿಗೆ ತಾಗಿದ್ದರೂ ಫೋಟೋದಲ್ಲಿ ನಡುವೆ ಸಣ್ಣ ಸಂದು ಉಳಿಯುತ್ತದೆ. ಪ್ರತಿಬಿಂಬ ಮೂಡಿಸುವ ಲೇಪ ಇರುವುದು ಗಾಜಿನ ಹಿಂದೆ, ಅದಕ್ಕೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಒಂದು ಫೋಟೋನೂ ಸರಿ ಬರಲಿಲ್ಲ.

ಜೊತೆಗೆ ಬಂದಿದ್ದ ಗೆಳತಿ ಹೇಳಿದಳು, "ಅಲ್ಲಿ ಕಲಿತಿದ್ದು ನಿಜ ತಾನೇ? ಶಿಷ್ಯೆ ಅನ್ನೋದು ಬೈಗುಳ ಅಲ್ಲ ಕಣೇ." ಬೈಗುಳ ಅಲ್ಲ, ಒಪ್ಪಿದೆ. ಆದರೆ ನಿನ್ನೆ ಸ್ಲೈಡುಗಳಲ್ಲಿ ಬಂದ ಗಂಡಸರಲ್ಲಿ ಒಬ್ಬರನ್ನಾದರೂ ಯಾರದೋ ಶಿಷ್ಯ ಅಂತ ಪರಿಚಯ ಮಾಡಿದರಾ? 1928ರಲ್ಲಿ ಆಕೆಯ ಫೋಟೋಗಳ ಬಗ್ಗೆ 'ಐ10' ಎಂಬ ಡಚ್ ಕಲಾಪತ್ರಿಕೆಯಲ್ಲಿ ಮೆಚ್ಚಿ ಬರೆದದ್ದು ಅದೇ ಮೊಹೋಲಿ-ನಾಗಿ. 1929ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ದೊಡ್ಡ ಫೋಟೋ ಪ್ರದರ್ಶನದಲ್ಲಿ ಆಕೆಯ ಚಿತ್ರಗಳಿದ್ದವು. ಪ್ಯಾರಿಸ್‌ನಲ್ಲಿ ಸ್ವಂತ ಸ್ಟುಡಿಯೋ ಇತ್ತು. ಮುಂದೆ ಹೆಸರಾದ ಫೋಟೋಗ್ರಾಫರ್‌ಗಳಾದ ಜಿಸೆಲ್ ಫ್ರಾಯ್ಂಡ್, ಲಿಸೆಟ್ ಮಾಡೆಲ್ ಆಕೆಯಿಂದ ಕಲಿತವರು. ಹಾಗಾದರೆ ಗುರು ಅನ್ನಬಹುದಿತ್ತಲ್ಲ? ಆ ಪದ ಯಾರ ಬಾಯಿಗೂ ಬರಲಿಲ್ಲ.

ನನಗ್ಯಾಕೆ ಇಷ್ಟು ಉರಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅಪ್ಪನ ಸ್ಟುಡಿಯೋದ ಡಾರ್ಕ್‌ರೂಮ್ ನೋಡಿಕೊಂಡವಳು ನಾನು. ಕೊನೆಕೊನೆಗೆ ಫೋಟೋ ತೆಗೆಯುತ್ತಿದ್ದವಳೂ ನಾನೇ. ಜನ ಪ್ರಿಂಟ್ ಕೈಗೆ ತಗೊಂಡು "ಏನೇ ಹೇಳಿ, ನಿಮ್ಮ ಕೈಗುಣವೇ ಬೇರೆ" ಅಂತ ಅಪ್ಪನಿಗೆ ಹೇಳುತ್ತಿದ್ದರು. ಅಪ್ಪ ನಗುತ್ತಿದ್ದರು. ಅಪ್ಪನ ಮೇಲೆ ನನಗೆ ಪ್ರಾಣ. ಆದರೂ ಒಂದೇ ಒಂದು ಸಲ "ಇದು ಮಗಳು ತೆಗೆದದ್ದು" ಅಂದಿದ್ದರೆ... ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮುಂದಿನ ತಿಂಗಳು ಇದೇ ಉಪನ್ಯಾಸ ಇನ್ನೊಂದು ಊರಲ್ಲಿ ಇದೆಯಂತೆ. ಬೆಳಿಗ್ಗೆ ಎದ್ದವಳೇ ಉಪನ್ಯಾಸಕರಿಗೆ ಬರೆದೆ. ಜಾಸ್ತಿ ಏನೂ ಕೇಳಿಲ್ಲ. ಆ ಸ್ಲೈಡು ಬಂದಾಗ ಹೆಸರು ಹೇಳಿ, ಇಸವಿ ಹೇಳಿ. ಆಮೇಲೆ ಒಂದು ನಿಮಿಷ ಸುಮ್ಮನಿದ್ದು, ಗುಂಡು ಎಷ್ಟಿವೆ ಅಂತ ಜನರನ್ನೇ ಎಣಿಸೋಕೆ ಬಿಡಿ.