ಒಂದಕ್ಕೆ ನಲವತ್ತಮೂರರ ಸಂಸಾರ

ನನ್ನ ಹತ್ರ ಒಂದಷ್ಟು ಕಾರುಗಳಿವೆ ಅಂದ ಕೂಡಲೇ ಎದುರಿಗಿರುವವರ ಕಣ್ಣು ಅರಳುತ್ತದೆ. ಲ್ಯಾನ್ಸಿಯಾ ಸ್ಟ್ರಾಟೋಸ್, ಆಡಿ ಕ್ವಾಟ್ರೊ, ಡಾಟ್ಸನ್ 240ಝಡ್ ಅಂತ ಹೆಸರು ಹೇಳುತ್ತಾ ಹೋದರೆ ಇನ್ನೂ ಅರಳುತ್ತದೆ. ‘ಎಲ್ಲಿ ಪಾರ್ಕ್ ಮಾಡ್ತೀರಿ?’ ಅಂತ ಕೇಳುತ್ತಾರೆ. ಬೆಂಗಳೂರಿನವರು ಅಲ್ವಾ, ಅವರಿಗೆ ಮೊದಲು ಹೊಳೆಯೋದೇ ಅದು. ‘ಶೋಕೇಸಿನಲ್ಲಿ’ ಅಂತೀನಿ. ಅರಳಿದ ಕಣ್ಣು ಹಾಗೇ ಮುದುಡಿಕೊಳ್ಳುತ್ತದೆ. ‘ಓ, ಆಟದ ಸಾಮಾನಾ!’

ಆಟದ ಸಾಮಾನಲ್ಲ ಸ್ವಾಮಿ. 14 ವರ್ಷ ದಾಟಿದವರಿಗೆ ಮಾತ್ರ ಅಂತ ಡಬ್ಬದ ಮೇಲೇ ಅಚ್ಚು ಹಾಕಿರುತ್ತಾರೆ. ಹಾಗಂತ ಕಾರೂ ಅಲ್ಲ. ಎರಡರ ನಡುವೆ ಮೂರನೆಯದೊಂದು ಜಾತಿ ಇದೆ, ಸ್ಕೇಲ್ ಮಾಡೆಲ್ ಅಂತ. ನಿಜವಾದ ಕಾರನ್ನೇ ಅಳತೆ ತಪ್ಪದೆ ಕುಗ್ಗಿಸಿದ್ದು; 1:43 ಅಂದರೆ ಕಾರಿನ 43 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಆದರೆ ಆ ಜಾತಿಯನ್ನು ನಮ್ಮ ಮನೆಯಲ್ಲಾಗಲಿ ನೆಂಟರಲ್ಲಾಗಲಿ ಯಾರೂ ಒಪ್ಪೋದಿಲ್ಲ. ಸರ್ಕಾರವೂ ಒಪ್ಪಲ್ಲ. ಆಮದು ಸುಂಕದ ಪಟ್ಟಿಯಲ್ಲಿ ಗೊಂಬೆ, ಗಿಲಕಿ, ಸ್ಕೇಲ್ ಮಾಡೆಲ್ ಎಲ್ಲಾ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅಲ್ಲಿಂದಾಚೆಗೆ ನನಗೆ ಗೊತ್ತಾದದ್ದು ಇಷ್ಟು: ಸ್ಕೇಲ್ ಇರೋದು ಕಾರಿಗೆ ಮಾತ್ರ, ಬೆಲೆಗಲ್ಲ.

ಅಪ್ಪನಿಗೆ ಇದನ್ನು ವಿವರಿಸಬೇಕಿರಲಿಲ್ಲ. ಅವರು ಸರ್ವೇ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದವರು. ಮೂರು ಅಂಚಿನ ಸ್ಕೇಲ್ ಪಟ್ಟಿ ಇವತ್ತಿಗೂ ಅವರ ಮೇಜಿನ ಮೇಲಿದೆ. ನನ್ನ ಸಂಗ್ರಹದ ಬಗ್ಗೆ ಅವರ ಮೊದಲ ಪ್ರಶ್ನೆ ಬೆಲೆಯದ್ದಲ್ಲ. ‘ಅದೇನದು 1:43? 40 ಅಂದ್ರೆ ಅರ್ಥ ಆಗುತ್ತೆ, 50 ಅಂದ್ರೆ ಅರ್ಥ ಆಗುತ್ತೆ. 43 ಯಾವ ಲೆಕ್ಕ?’ ಇದು ಬ್ರಿಟನ್ನಿನ ಆಟದ ರೈಲಿನಿಂದ ಬಂದದ್ದು, ಒಂದು ಅಡಿಗೆ ಏಳು ಮಿಲಿಮೀಟರ್, ರೈಲಿನ ಪಕ್ಕ ನಿಲ್ಲಿಸೋಕೆ ಕಾರು ಮಾಡಿದರು ಅಂದೆ. ಅಪ್ಪ ಅಲ್ಲೇ ಭಾಗಾಕಾರ ಮಾಡಿ, ‘43.5 ಆಗುತ್ತೆ. ಅರ್ಧ ನುಂಗಿದಾರೆ’ ಅಂದರು. ಬೆಲೆ ಕೇಳಿದ್ದು ಆಮೇಲೆ. ಕೇಳಿ ಕಿಟಕಿಯಿಂದ ಕೆಳಗೆ ನೋಡಿದರು. ಅಲ್ಲಿ ನಮ್ಮ ನಿಜವಾದ ಕಾರು ನಿಂತಿತ್ತು, ಮುಂದಿನ ಬಂಪರನ್ನು ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿಸಿಕೊಂಡು.

ನನ್ನ ಹತ್ರ ಇರೋದು ಎರಡು ಪಂಗಡ. ಒಂದು, ಹಳೇ ಕಾಲದ ಮೋಟಾರು ಮೇಳಗಳಲ್ಲಿ ಜನ ಬಾಯಿ ಬಿಟ್ಟುಕೊಂಡು ನೋಡಲಿ ಅಂತಲೇ ಮಾಡಿದ ಕಾನ್ಸೆಪ್ಟ್ ಕಾರುಗಳು. ಇನ್ನೊಂದು, ಕೆಸರು ಹಿಮ ಅನ್ನದೆ ಓಡಿದ ರ‍್ಯಾಲಿ ಕಾರುಗಳು. ಕಾನ್ಸೆಪ್ಟ್ ಕಾರಿನ ಮೈ ನುಣುಪು. ಹೊರಗೆ ಚಾಚಿಕೊಂಡದ್ದು ಏನೂ ಇರಲ್ಲ, ಮುರಿಯೋಕೂ ಏನಿರಲ್ಲ. ರ‍್ಯಾಲಿ ಕಾರಿಗೆ ಮುಂದೆ ಸಾಲು ದೀಪ, ಮೇಲೆ ಏರಿಯಲ್, ಹಿಂದೆ ಮಡ್‌ಫ್ಲಾಪ್, ಅಕ್ಕಪಕ್ಕ ಕನ್ನಡಿ. ಹಾಗಾಗಿ ನಮ್ಮ ಮನೆಯಲ್ಲಿ ಕಾನ್ಸೆಪ್ಟ್ ಕಾರುಗಳಿಗೆ ಅವಮಾನ, ರ‍್ಯಾಲಿ ಕಾರುಗಳಿಗೆ ಗಾಯ.

ಅವಮಾನದ ಕತೆ ಮೊದಲು. 1970ರ ಟ್ಯೂರಿನ್ ಮೇಳದಲ್ಲಿ ಬರ್ಟೋನೆ ಕಂಪನಿ ತೋರಿಸಿದ ಲ್ಯಾನ್ಸಿಯಾ ಸ್ಟ್ರಾಟೋಸ್ ಝೀರೋ ಅಂತ ಒಂದು ಕಾರಿದೆ. ವಿನ್ಯಾಸ ಮಾರ್ಚೆಲ್ಲೊ ಗ್ಯಾಂಡಿನಿ ಅವರದು, ಲ್ಯಾಂಬೋರ್ಗಿನಿ ಮಿಯುರಾ ಮತ್ತು ಕೌಂಟಾಚ್ ಬರೆದ ಕೈ. ಕಾರಿನ ಎತ್ತರ ಬರೀ 84 ಸೆಂಟಿಮೀಟರ್. ಬಾಗಿಲೇ ಇಲ್ಲ. ಮುಂದಿನ ಗಾಜನ್ನು ಮೇಲೆತ್ತಿ, ಮೂತಿಯ ಮೇಲೆ ಕಾಲಿಟ್ಟು ಒಳಗಿಳಿಯಬೇಕು. ನುಚ್ಚಿಯೊ ಬರ್ಟೋನೆ ಇದನ್ನು ಲ್ಯಾನ್ಸಿಯಾದವರಿಗೆ ತೋರಿಸೋಕೆ ತಾವೇ ಓಡಿಸಿಕೊಂಡು ಹೋದಾಗ, ಗೇಟಿನ ಅಡ್ಡಗಂಬವನ್ನು ಎತ್ತಿಸದೆ ಅದರ ಕೆಳಗೇ ನುಸುಳಿ ಒಳಗೆ ಹೋದರು ಅನ್ನೋದು ಪ್ರಸಿದ್ಧ ಕತೆ. ನಾನಿದನ್ನು ಬಂದವರಿಗೆಲ್ಲ ಕೈ ಅಡ್ಡ ಹಿಡಿದು, ಕಾರನ್ನು ಕೆಳಗೆ ತೂರಿಸಿ, ಅಭಿನಯ ಸಮೇತ ಹೇಳುತ್ತೇನೆ. ನಮ್ಮ ಸೋದರಮಾವ ಪೂರ್ತಿ ಕೇಳಿ, ಕಾಫಿ ಲೋಟ ಕೆಳಗಿಟ್ಟು, ‘ಹಂಗಾದ್ರೆ ಮೈಸೂರಿಗೆ ಹೋಗಿಬಂದ್ರೆ ಟೋಲ್ ಪೂರ್ತಿ ಉಳೀತು’ ಅಂದರು. ಇಟಲಿಯ ವಿನ್ಯಾಸ ಕಲೆಯ ಬಗ್ಗೆ ನನ್ನ ಉಪನ್ಯಾಸ ಅಲ್ಲಿಗೇ ನಿಂತಿತು.

ಅದೇ ಕಾರಿನ ದೊಡ್ಡ ಮಾಡೆಲ್ಲೂ ಇದೆ, 1:18ರದ್ದು, ಒಂದು ಗೇಣಿನಷ್ಟು ಉದ್ದ. ಮನೆಗೆ ಮರಗೆಲಸದವರು ಬಂದಿದ್ದ ದಿನ ನಾನು ಆಫೀಸಿಂದ ಬಂದು ನೋಡಿದರೆ ಶೋಕೇಸಿನ ಜಾಗ ಖಾಲಿ. ಕಾರು ರೂಮಿನ ಬಾಗಿಲಿನಡಿ ಇತ್ತು. ‘ಗಾಳಿಗೆ ಬಾಗ್ಲು ಹೊಡ್ಕೊಳ್ತಿತ್ತು ಸಾರ್. ಏನ್ ಕರೆಕ್ಟಾಗಿ ಕೂತಿದೆ ನೋಡಿ’ ಅಂದರು ಮೇಸ್ತ್ರಿ, ತಾವೇ ಕೆತ್ತಿದಷ್ಟು ಹೆಮ್ಮೆಯಿಂದ. ಬೈಯೋಣ ಅಂದರೆ ನಿಜಕ್ಕೂ ಹಾಗೇ ಕೂತಿತ್ತು. ಮೂತಿಯ ತುದಿ ನೆಲಕ್ಕೆ ತಾಗಿಕೊಂಡು, ಅಲ್ಲಿಂದ ಹಿಂದಿನವರೆಗೆ ಒಂದೇ ಇಳಿಜಾರು. ಮರಗೆಲಸ ಬಲ್ಲವನ ಕಣ್ಣಿಗೆ ಅದು ಹೊಸ ಆಕಾರವೇನಲ್ಲ. ಬಾಗಿಲು ಒಂದು ಕೂದಲೆಳೆಯಷ್ಟೂ ಅಲ್ಲಾಡುತ್ತಿರಲಿಲ್ಲ. ಗ್ಯಾಂಡಿನಿ 2024ರಲ್ಲಿ ತೀರಿಕೊಂಡರು. ಈ ಸುದ್ದಿ ಅವರ ಕಿವಿಗೆ ಬೀಳಲಿಲ್ಲ ಅನ್ನೋದೇ ಸಮಾಧಾನ.

ಇನ್ನು ಗಾಯಾಳುಗಳು. ಮಿನಿ ಕೂಪರ್ ಎಸ್ ಅನ್ನೋ ಬ್ರಿಟನ್ನಿನ ಪುಟ್ಟ ಕಾರು ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965 ಮತ್ತು 1967ರಲ್ಲಿ ಗೆದ್ದಿತು. ನಡುವಿನ 1966ರಲ್ಲೂ ಮೊದಲ ಮೂರು ಸ್ಥಾನ ಮಿನಿಗಳದ್ದೇ. ಆದರೆ ಮುಂದಿನ ದೀಪದ ಬಲ್ಬು ನಿಯಮದಂತಿಲ್ಲ ಅಂತ ಮೂರನ್ನೂ ಅನರ್ಹ ಮಾಡಿ, ಸಿಟ್ರೊಯೆನ್ ಓಡಿಸಿದ ಪೌಲಿ ಟೋಯ್ವೊನೆನ್ ಅವರಿಗೆ ಗೆಲುವು ಕೊಟ್ಟರು. ಬ್ರಿಟಿಷರಿಗೆ ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ನನ್ನ ಮಿನಿಗೂ ಅದೇ ಹಣೆಬರಹ. ಯಾರದೋ ಸೆರಗು ತಾಗಿ ಮುಂದಿನ ಒಂದು ದೀಪ ಉದುರಿಹೋಯಿತು. ನಾಲ್ಕು ಮಿಲಿಮೀಟರ್ ಅಗಲ, ಬೆಳ್ಳಿ ಬಣ್ಣ, ಮೇಲೆ ಗಾಜಿನಂಥ ಹೊಳಪು. ಮೊಬೈಲ್ ಟಾರ್ಚ್ ಹಾಕಿಕೊಂಡು ದಿವಾನದಡಿ ತೆವಳಿದೆ. ಪೆನ್ನಿನ ಮುಚ್ಚಳ, ಸೇಫ್ಟಿ ಪಿನ್ನು, ಕಳೆದ ಯುಗಾದಿಯ ಒಣಗಿದ ಬೇವಿನೆಲೆ, ಎಲ್ಲಾ ಸಿಕ್ಕವು. ದೀಪ ಸಿಗಲಿಲ್ಲ.

ಸಿಕ್ಕಿದ್ದು ಎಷ್ಟೋ ದಿನದ ಮೇಲೆ, ಅಮ್ಮನ ಓಲೆ ಡಬ್ಬಿಯಲ್ಲಿ, ಹತ್ತಿಯ ಮೇಲೆ. ‘ಮೂಗುಬೊಟ್ಟಿನ ಕಲ್ಲು ಬಿದ್ದಿತ್ತು, ಎತ್ತಿಟ್ಟೆ’ ಅಂದಳು ಅಮ್ಮ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಅದನ್ನು ಕಟ್ಟಿಸಿಕೊಡಿ ಅಂತ ಚಿನ್ನದಂಗಡಿಗೂ ತಗೊಂಡು ಹೋಗಿದ್ದಳಂತೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, ‘ಇದು ಪ್ಲಾಸ್ಟಿಕ್ಕು ಅಮ್ಮಾ’ ಅಂದರಂತೆ. ಅಮ್ಮ ನಂಬಲಿಲ್ಲ. ಒಳಗೆ ತಗೊಂಡು ಹೋಗಿ ಕಲ್ಲು ಬದಲಾಯಿಸಿದ್ದಾರೆ ಅನ್ನೋದು ಅವಳ ಗುಮಾನಿ. ನಾನು ಮಿನಿಯನ್ನು ತಂದು ತೋರಿಸಿ, ಪಕ್ಕದ ದೀಪವನ್ನೂ ತೋರಿಸಿದೆ. ಅವಳು ಎರಡನ್ನೂ ಹೋಲಿಸಿ ನೋಡಿ, ‘ಹಾಗಾದ್ರೆ ನನ್ನ ಕಲ್ಲೆಲ್ಲಿ?’ ಅಂದಳು. ಬಿದ್ದ ಕಲ್ಲೇ ಇರಲಿಲ್ಲ ಅನ್ನೋದನ್ನು ಇವತ್ತಿನವರೆಗೂ ಒಪ್ಪಿಲ್ಲ. ಆ ಅಂಗಡಿಗೂ ಹೋಗಿಲ್ಲ.

ದೀಪ ಅಂಟಿಸಿಕೊಟ್ಟದ್ದು ನಮ್ಮ ಭಾವ. ತಕ್ಷಣ ಅಂಟುವ ಗಮ್ಮಿಗೆ ಒಂದು ಗುಣ ಇದೆ. ಒಣಗುವಾಗ ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರಿಸಿಬಿಡುತ್ತೆ. ಭಾವ ಧಾರಾಳಿ, ಒಂದು ಹನಿ ಸಾಕಾಗುವಲ್ಲಿ ಅರ್ಧ ಟ್ಯೂಬು. ಈಗ ನನ್ನ ಮಿನಿಯ ಗಾಜೆಲ್ಲ ಮಸುಕು. ‘ಮಾಂಟೆ ಕಾರ್ಲೊದಲ್ಲಿ ಹಿಮ ಬೀಳುತ್ತೆ ಅಂತ ನೀನೇ ಹೇಳಿದ್ದೆ ತಾನೆ’ ಅಂತಾರೆ.

ಅವರ ಮಗಳಿಗೆ, ಅಂದರೆ ಅಕ್ಕನ ಮಗಳಿಗೆ, ನಾನು ಮಿಶೆಲ್ ಮೂತೋನ್ ಕತೆ ಹೇಳಿದ್ದೆ. 1981ರಲ್ಲಿ ಇಟಲಿಯ ಸಾನ್‌ರೆಮೊ ರ‍್ಯಾಲಿಯನ್ನು ಆಡಿ ಕ್ವಾಟ್ರೊದಲ್ಲಿ ಗೆದ್ದಾಕೆ, ವಿಶ್ವ ಚಾಂಪಿಯನ್‌ಷಿಪ್ ರ‍್ಯಾಲಿ ಗೆದ್ದ ಮೊದಲ ಹೆಂಗಸು. ಪಕ್ಕದ ಸೀಟಿನಲ್ಲಿ ದಾರಿ ಓದಿ ಹೇಳುತ್ತಿದ್ದದ್ದೂ ಹೆಂಗಸೇ, ಫಬ್ರೀಝಿಯಾ ಪೋನ್ಸ್. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು. ಮಾರನೇ ಬೆಳಿಗ್ಗೆ ಹಾಲ್‌ನಿಂದ ಅಮ್ಮನ ದನಿ ಕೇಳಿಸುತ್ತಿತ್ತು: ‘ಎಡಕ್ಕೆ ದಿವಾನ... ಬಲಕ್ಕೆ ಫ್ರಿಜ್ಜು... ನೀರು ಚೆಲ್ಲಿದೆ, ನಿಧಾನ... ನಿಧಾನ ಅಂದ್ನಲ್ಲೇ!’ ನಾನು ಓಡಿ ಬರುವಷ್ಟರಲ್ಲಿ ಕ್ವಾಟ್ರೊ ಸೋಫಾದ ಕೈ ಮೇಲಿಂದ ಹಾರಿ ಆಗಿತ್ತು. ಹಿಂದಿನ ಸ್ಪಾಯ್ಲರ್ ಒಂದು ಕಡೆ, ಕಾರು ಒಂದು ಕಡೆ. ‘ರ‍್ಯಾಲಿ ಅಂದ್ಮೇಲೆ ಇದೆಲ್ಲ ಆಗುತ್ತೆ ಮಾಮಾ’ ಅಂದಳು ಹುಡುಗಿ. ಸಿಟ್ಟು ಬಂತು, ನಿಜ. ಆದರೆ ನನ್ನ ಅಷ್ಟೂ ರ‍್ಯಾಲಿ ಕಾರುಗಳಲ್ಲಿ ರ‍್ಯಾಲಿ ಓಡಿದ್ದು ಅದೊಂದೇ ಅಲ್ವಾ.

ಈಗ ಅಪ್ಪನ ಸರದಿ. ಮಾಡೆಲ್ ತಯಾರಿಸುವವರು ಕೆಲವು ರ‍್ಯಾಲಿ ಕಾರುಗಳನ್ನು ಕೊಳೆ ಸಮೇತ ಮಾರುತ್ತಾರೆ. ಕೆಸರು, ಧೂಳು, ಚಕ್ರದ ಹಿಂದೆ ಎರಚಿದ ಮಣ್ಣು, ಎಲ್ಲಾ ಕಾರ್ಖಾನೆಯಲ್ಲೇ ಕೂರಿಸಿ ಕಳಿಸುತ್ತಾರೆ. ಕೊಳೆ ಇರೋದಕ್ಕೆ ಬೆಲೆ ಜಾಸ್ತಿ. ನನ್ನ ಹತ್ರ ಹಾಗೊಂದು ಡಾಟ್ಸನ್ 240ಝಡ್ ಇತ್ತು, 1973ರ ಪೂರ್ವ ಆಫ್ರಿಕಾ ಸಫಾರಿ ರ‍್ಯಾಲಿ ಗೆದ್ದ ಕಾರಿನದ್ದು. ಓಡಿಸಿದ್ದು ಶೇಖರ್ ಮೆಹ್ತಾ, ಉಗಾಂಡಾದಲ್ಲಿ ಹುಟ್ಟಿದ ಭಾರತೀಯ ಮೂಲದವರು. ಆಮೇಲೆ 1979ರಿಂದ 1982ರವರೆಗೆ ಸತತವಾಗಿ ನಾಲ್ಕು ವರ್ಷ ಅದೇ ರ‍್ಯಾಲಿ ಗೆದ್ದರು. ಅವರಿಗಿಂತ ಮೊದಲು 1965ರಲ್ಲೇ ಕೀನ್ಯಾದ ಜೋಗಿಂದರ್ ಸಿಂಗ್ ಅದನ್ನು ಗೆದ್ದಿದ್ದರು. ಕ್ರಿಕೆಟ್ಟು ಬಿಟ್ಟು ಬೇರೆ ಏನನ್ನೂ ನೆನಪಿಟ್ಟುಕೊಳ್ಳದ ನಮಗೆ ಇವರ ಹೆಸರೇ ಗೊತ್ತಿಲ್ಲ ಅನ್ನೋದು ನನ್ನ ಹಳೇ ಸಂಕಟ.

ಅಪ್ಪ ಭಾನುವಾರ ಸ್ಕೂಟರ್ ತೊಳೆಯುತ್ತಾರೆ. ಆ ಭಾನುವಾರ ಬಕೆಟ್ಟಿನಲ್ಲಿ ಸೋಪಿನ ನೀರು ಮಿಕ್ಕಿತ್ತು. ಹಳೇ ಟೂತ್‌ಬ್ರಷ್ ಕೂಡ ಕೈಯಲ್ಲಿತ್ತು. ಕೀನ್ಯಾದ ಕೆಸರು ನಮ್ಮ ಮನೆ ಮೋರಿಯಲ್ಲಿ ಹರಿದುಹೋಯಿತು. ಬಾಗಿಲ ಮೇಲಿನ ನಂಬರಿನ ಅರ್ಧವೂ ಜೊತೆಗೆ ಹೋಯಿತು. ಮಿರಮಿರ ಮಿಂಚುವ ಡಾಟ್ಸನ್ನನ್ನು ಟವೆಲ್ಲಿನಲ್ಲಿ ಒರೆಸುತ್ತಾ ಬಂದ ಅಪ್ಪ, ‘ಎಷ್ಟು ಕೊಳೆ ಮಾಡಿಟ್ಟಿದ್ದೀಯೋ’ ಅಂದರು. ಆ ಕೊಳೆಗೇ ದುಡ್ಡು ಕೊಟ್ಟಿದ್ದು ಅಂತ ನಾನು ಹೇಳಿದಾಗ ಅವರು ಕ್ಷಮೆ ಕೇಳಲಿಲ್ಲ, ವಾದಕ್ಕೆ ನಿಂತರು. ‘ಕೊಳೆ ಸ್ಕೇಲ್‌ನಲ್ಲಿರಲಿಲ್ಲ. ಒಂದೊಂದು ಹರಳೂ ಅರ್ಧ ಮಿಲಿಮೀಟರ್. 43ರಿಂದ ಗುಣಿಸು. ಎರಡು ಸೆಂಟಿಮೀಟರ್ ದಾಟುತ್ತೆ. ಕೀನ್ಯಾದಲ್ಲಿ ಏನು, ಜಲ್ಲಿ ಮಳೆ ಬಂದಿತ್ತಾ?’ ಲೆಕ್ಕ ಹಾಕಿದೆ. ಸರಿಯಾಗಿತ್ತು.

ಆಮೇಲೆ ಬಂತು ಆಯುಧಪೂಜೆ. ಕೆಳಗಿದ್ದ ಕಾರಿಗೆ ಎರಡು ನಿಮಿಷದಲ್ಲಿ ಪೂಜೆ ಮುಗಿಯಿತು. ಬಂಪರ್ ಹಗ್ಗಕ್ಕೇ ಹೂವು ಸಿಕ್ಕಿಸಿದರು. ಅಮ್ಮ ಆರತಿ ತಟ್ಟೆ ಹಿಡಿದು ನೇರ ಶೋಕೇಸಿನ ಹತ್ರ ಬಂದಳು. ‘ಇವೂ ಕಾರು ಅಂತ ನೀನೇ ಹೇಳ್ತೀಯ. ಇವಕ್ಕೆ ಮಾತ್ರ ಯಾಕೆ ಬೇಡ?’ ನನ್ನದೇ ಮಾತು, ಏನು ಉತ್ತರ ಕೊಡಲಿ? ಸ್ಟ್ರಾಟೋಸ್ ರ‍್ಯಾಲಿ ಕಾರಿನ (ಝೀರೋ ಅಲ್ಲ, ಅದೇ ಹೆಸರಿನ ಇನ್ನೊಂದರ) ಬಣ್ಣ ಅಚ್ಚ ಬಿಳಿ, ಮೇಲೆ ಆಲಿಟಾಲಿಯಾ ವಿಮಾನ ಕಂಪನಿಯ ಹಸಿರು ಕೆಂಪು ಪಟ್ಟೆ. 1974ರಿಂದ ಮೂರು ವರ್ಷ ಸಾಲಾಗಿ ವಿಶ್ವ ಪ್ರಶಸ್ತಿ ತಂದ ಕಾರದು. ಅಮ್ಮನ ಹೆಬ್ಬೆರಳು ಅದರ ಬಾನೆಟ್ಟಿಗಿಂತ ಸ್ವಲ್ಪವೇ ಚಿಕ್ಕದು. ಒಂದು ಬೊಟ್ಟು ಕುಂಕುಮ ಇಟ್ಟಳು ನೋಡಿ, ಆಲಿಟಾಲಿಯಾ ಕಾಣದಂತಾಯಿತು. ಒಂದು ಸೇವಂತಿಗೆ ಇಟ್ಟಳು, ಕಾರೇ ಕಾಣದಂತಾಯಿತು.

ಕೊನೆಗೆ ನಿಂಬೆಹಣ್ಣು. ಚಕ್ರದಡಿ ಇಡಬೇಕು, ಕಾರು ಹತ್ತಿಸಬೇಕು. ಸ್ಟ್ರಾಟೋಸ್ ಎತ್ತರ ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ನಿಂಬೆಹಣ್ಣಿನದು ನಾಲ್ಕು. ಪಕ್ಕದಲ್ಲಿಟ್ಟರೆ ಹಣ್ಣೇ ಕಾರಿನ ಮೇಲೆ ಹತ್ತುವ ಹಾಗಿತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಆಗಲೇ ಸ್ಕೇಲ್ ಪಟ್ಟಿ ತಂದಿದ್ದರು. ‘ನಾಲ್ಕು ಸೆಂಟಿಮೀಟರ್, ಭಾಗಿಸು 43. ಹತ್ರಹತ್ರ ಒಂದು ಮಿಲಿಮೀಟರ್. ರಾಗಿ ತಗೊಂಡ್ಬಾ.’ 1:18ರ ಕಾರುಗಳಿಗೆ ಎರಡು ಮಿಲಿಮೀಟರ್ ಚಿಲ್ಲರೆ ಬಂತು. ಅವಕ್ಕೆ ಸಾಸಿವೆ.

ಅಕ್ಕನ ಮಗಳು ಒಂದೊಂದು ಚಕ್ರದಡಿಗೂ ಒಂದೊಂದು ಕಾಳು ಇಟ್ಟಳು. ಸ್ಟ್ರಾಟೋಸನ್ನು ತಳ್ಳಿದೆವು. ರಾಗಿ ಒಡೆಯಲಿಲ್ಲ, ಕಾರು ಪಕ್ಕಕ್ಕೆ ಜಾರಿತು. ಹುಡುಗಿ ಹೆಬ್ಬೆರಳಲ್ಲಿ ಒತ್ತಿದಳು, ಒಂದು ಕನ್ನಡಿ ಹೋಯಿತು. ‘ಸಾಕು, ದೇವರಿಗೆ ಗೊತ್ತಾಗುತ್ತೆ’ ಅಂತ ಅಮ್ಮ ಮಂಗಳಾರತಿ ಎತ್ತಿದಳು. ಎತ್ತಿದವಳು ಅರ್ಧಕ್ಕೆ ನಿಂತು, ‘ಅಲ್ಲಾ, ಬೂದುಗುಂಬಳಕಾಯಿ ಒಡೀಬೇಕಲ್ಲ?’ ಅಂದಳು.

‘ಸುಮಾರು ಮೂವತ್ತು ಸೆಂಟಿಮೀಟರ್ ಹಿಡಿ. ಏಳು ಮಿಲಿಮೀಟರ್ ಬರುತ್ತೆ’ ಅಂದ ಅಪ್ಪನ ದನಿ ಆಗಲೇ ಅಡುಗೆಮನೆಯಿಂದ ಬರುತ್ತಿತ್ತು. ‘ಬಟಾಣಿ ಡಬ್ಬಿ ಎಲ್ಲಿಟ್ಟಿದ್ದೀಯೇ?’