ಅಕ್ಟೋಬರಿನಲ್ಲಿ ಲುಸಾಕಾಕ್ಕೆ ಬರಬೇಡಿ ಅಂದರೆ ಕೇಳುವವರು ಯಾರು?

ನೆಂಟರು ಬರಬಾರದು ಅಂತ ನಾನು ಯಾವತ್ತೂ ಅಂದವಳಲ್ಲ. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಕೂತವರಿಗೆ ಊರಿನವರ ಮುಖ ಕಾಣುವುದೇ ಅಪರೂಪ. ಬನ್ನಿ, ಇರಿ, ಉಣ್ಣಿ. ಆದರೆ ಟಿಕೆಟ್ ತೆಗೆಯುವ ಮುಂಚೆ ಒಂದು ಮಾತು ಕೇಳಿ ಮಾರಾಯರೇ! ಎಲ್ಲ ಆದ ಮೇಲೆ "ಅತ್ತಿಗೆ, ಸರ್‌ಪ್ರೈಸ್! ದಸರಾ ರಜಕ್ಕೆ ಬರ್ತಿದೀವಿ" ಅಂತ ಮೆಸೇಜ್ ಹಾಕುವುದಲ್ಲ.

ಬಂದವನು ನಮ್ಮನೆಯವರ ದೊಡ್ಡಪ್ಪನ ಮಗ. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು, ಅವನ ಅತ್ತೆ, ಮಾವ. ಅತ್ತೆ ಮಾವ ಬರುವ ವಿಷಯ ನಮಗೆ ಗೊತ್ತಾಗಿದ್ದು ಅವರೆಲ್ಲ ಹೊರಡುವ ವಾರದಲ್ಲಿ.

ಜಾಂಬಿಯಾದಲ್ಲಿ ಇರುವ ಯಾರನ್ನು ಬೇಕಾದರೂ ಕೇಳಿ, ಅಕ್ಟೋಬರ್ ಬೇಡ ಅಂತಾರೆ. ಇಲ್ಲಿ ಮಳೆಗಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಜೂನ್, ಜುಲೈ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿ. ಆಮೇಲೆ ಸೆಕೆ ಏರುತ್ತಾ ಹೋಗಿ ಅಕ್ಟೋಬರಿಗೆ ನೆತ್ತಿ ಸುಡುತ್ತದೆ. ಹುಲ್ಲೆಲ್ಲ ಒಣಗಿ ಎಲ್ಲಿ ನೋಡಿದರೂ ಧೂಳು. ಜಕರಂಡ ಮರಗಳು ನೇರಳೆ ಹೂ ಬಿಟ್ಟಿರುತ್ತವೆ, ಚೆಂದ ಅನ್ನುವುದಕ್ಕೆ ಅದೊಂದೇ. ಇನ್ನು ನಮ್ಮ ಮಕ್ಕಳ ಶಾಲೆ ಜನವರಿಯಿಂದ ಡಿಸೆಂಬರ್ ಲೆಕ್ಕದ್ದು. ಅಕ್ಟೋಬರ್ ಅಂದರೆ ಕೊನೆಯ ಟರ್ಮಿನ ಮಧ್ಯ, ಮುಂದೆ ಪರೀಕ್ಷೆ. ಇದನ್ನು ಹೇಳಿದರೆ "ಅಯ್ಯೋ, ನಾಲ್ಕು ದಿನ ರಜ ಹಾಕ್ಸಿ ಅತ್ತಿಗೆ" ಅಂತ ಉತ್ತರ. ಅವರ ಮಕ್ಕಳಿಗೆ ಮಾತ್ರ ಒಂದು ಕ್ಲಾಸೂ ತಪ್ಪಬಾರದು. ಅದಕ್ಕೇ ಅಲ್ವಾ ದಸರಾ ರಜ ನೋಡಿ ಬಂದಿದ್ದು!

ಅದೂ ಯಾವ ವರ್ಷ? 2024. ಮಳೆ ಕೈಕೊಟ್ಟು, ಫೆಬ್ರವರಿಯಲ್ಲೇ ಅಧ್ಯಕ್ಷ ಹಿಚಿಲೆಮಾ ಬರಗಾಲವನ್ನು ರಾಷ್ಟ್ರೀಯ ವಿಪತ್ತು ಅಂತ ಘೋಷಿಸಿದ್ದ ವರ್ಷ. ಈ ದೇಶದ ಕರೆಂಟ್ ಬಹುಪಾಲು ನೀರಿನಿಂದ ಬರುವಂಥದ್ದು. ಜಾಂಬೆಜಿ ನದಿಗೆ ಕಟ್ಟಿದ ಕರಿಬಾ ಜಲಾಶಯ ತಳ ಕಂಡಿತು, ನಮ್ಮ ಮನೆಗಳು ಕತ್ತಲಾದವು. ಮೊದಲು ದಿನಕ್ಕೆ 8 ಗಂಟೆ ಲೋಡ್‌ಶೆಡ್ಡಿಂಗ್ ಅಂದರು. ಅಕ್ಟೋಬರಿನ ಹೊತ್ತಿಗೆ ದಿನದಲ್ಲಿ ಮೂರು ಗಂಟೆ ಕರೆಂಟ್ ಬಂದರೆ ಪುಣ್ಯ ಅನ್ನುವ ಹಾಗಾಗಿತ್ತು. ಇದನ್ನೆಲ್ಲ ಫೋನಿನಲ್ಲಿ ಬಿಡಿಸಿ ಹೇಳಿದ್ದೆ. "ನಮ್ಮಲ್ಲೂ ಹೋಗುತ್ತೆ ಬಿಡಿ" ಅಂದಿದ್ದ.

ಆ ಮೂರು ಗಂಟೆ ಬರುತ್ತಿದ್ದುದು ನಡುರಾತ್ರಿ. ನಮ್ಮ ನೀರು ಬೋರ್‌ವೆಲ್ಲಿನದು, ಪಂಪಿಗೆ ಕರೆಂಟ್ ಬೇಕು. ಹಾಗಾಗಿ ಗೇಟಿನ ಲೈಟ್ ಹತ್ತಿತು ಅಂದರೆ ನಾನು ಎದ್ದು ಓಡಬೇಕು. ಮೊದಲು ಪಂಪ್, ಆಮೇಲೆ ವಾಷಿಂಗ್ ಮಷೀನ್, ಗೀಸರ್, ಫೋನು ಬ್ಯಾಟರಿ ಎಲ್ಲದರ ಚಾರ್ಜಿಂಗ್. ಅದರ ನಡುವೆ ಗ್ರೈಂಡರ್. ಹತ್ತು ಜನಕ್ಕೆ ದೋಸೆ ಹಿಟ್ಟು, ರಾತ್ರಿ ಎರಡು ಗಂಟೆಗೆ, ನೈಟಿಯಲ್ಲಿ ನಿಂತು. ಉದ್ದು ನುಣ್ಣಗಾಗಿ ಅಕ್ಕಿ ಹಾಕುವಷ್ಟರಲ್ಲಿ ಕರೆಂಟ್ ಹೋದರೆ ಅರ್ಧ ರುಬ್ಬಿದ್ದು ಹಾಗೇ ಕೂತಿರುತ್ತದೆ. ಆ ಸೆಕೆಗೆ ಬೆಳಗಾಗುವುದರೊಳಗೆ ಹಿಟ್ಟು ಉಕ್ಕಿ ಪಾತ್ರೆಯಿಂದ ಕೆಳಗೆ. ಬೆಳಗ್ಗೆ ಏಳಕ್ಕೆ ಅವನ ಅತ್ತೆ ಎದ್ದು ಬಂದು, ಒಂದು ತುಂಡು ಬಾಯಿಗಿಟ್ಟು, "ಸ್ವಲ್ಪ ಹುಳಿ ಜಾಸ್ತಿ ಆಗಿದೆ ಅಲ್ವಾ?" ಅಂದರು. ಹೌದಮ್ಮ. ಆಗಿದೆ.

ಇನ್ವರ್ಟರ್ ಇದೆ. ಅದು ಲೈಟು, ವೈಫೈ, ಫ್ರಿಜ್ಜಿಗೆ ಮಾತ್ರ ಅಂತ ಮೊದಲ ದಿನವೇ ಕೈಮುಗಿದು ಹೇಳಿದ್ದೆ. ಮರುದಿನ ಇವನು ಇಸ್ತ್ರಿ ಪೆಟ್ಟಿಗೆ ಚುಚ್ಚಿದ. ಟೀ ಶರ್ಟಿಗೆ ಇಸ್ತ್ರಿ! ಠಪ್ ಅಂತ ಎಲ್ಲ ಬಂದ್. ಸಾಲದ್ದಕ್ಕೆ, ಬರುವಾಗ ಏನು ತರಬೇಕು ಅಂತ ತಾವೇ ಕೇಳಿದ್ದರು. ಕುಕ್ಕರಿನ ಗ್ಯಾಸ್ಕೆಟ್ ಎರಡು, ಬ್ಯಾಡಗಿ ಮೆಣಸಿನಕಾಯಿ ಅರ್ಧ ಕೆಜಿ ಅಂದಿದ್ದೆ. ತಂದಿದ್ದು ಮೈಸೂರುಪಾಕ್. ಅದನ್ನೂ ಅವರ ಮಕ್ಕಳೇ ತಿಂದವು.

ಇನ್ನು ಜಲಪಾತದ ಕಥೆ. ವಿಕ್ಟೋರಿಯಾ ಜಲಪಾತ ನೋಡಲೇಬೇಕು, ಅದಕ್ಕೇ ಬಂದಿದ್ದು ಅಂತ ಹಠ. ಜಾಂಬೆಜಿ ನದಿ ತುಂಬಿ ಹರಿಯುವುದು ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಬಂದರೂ ಕಣ್ತುಂಬ ನೀರು, ಮೇಲಿಂದ ತಂಪು. ಅಕ್ಟೋಬರಿನಲ್ಲಿ ಜಾಂಬಿಯಾ ಕಡೆ ಬಂಡೆ ಮಾತ್ರ. ಜಲಪಾತಕ್ಕೂ ನಮ್ಮ ಮನೆ ಫ್ಯಾನಿಗೂ ಒಂದೇ ನದಿ ಕಣಪ್ಪ, ಫ್ಯಾನ್ ತಿರುಗದಿದ್ದರೆ ಅಲ್ಲಿ ನೀರು ಎಲ್ಲಿಂದ ಬರುತ್ತೆ ಅಂತ ಹೇಳಿ ನೋಡಿದೆ. ಕೇಳಲಿಲ್ಲ.

ಜಲಪಾತದ ಪಕ್ಕದ ಊರು ಲಿವಿಂಗ್‌ಸ್ಟನ್ ಇಲ್ಲಿಂದ ಹತ್ತಿರಹತ್ತಿರ 475 ಕಿಲೋಮೀಟರ್. ಮಜಬುಕಾ, ಮೊಂಜೆ, ಚೊಮಾ ದಾಟಿ ಹೋಗಬೇಕು. ದಾರಿಯುದ್ದಕ್ಕೂ ಪೊಲೀಸ್ ಚೆಕ್‌ಪೋಸ್ಟ್. ಎರಡು ಕಾರು, ನಮ್ಮ ಪೆಟ್ರೋಲ್. ಗೇಟಿನಲ್ಲಿ ಆಗ ಹೊರದೇಶದವರಿಗೆ ತಲೆಗೆ 20 ಡಾಲರ್ ಇತ್ತು, ಇಲ್ಲಿ ವಾಸ ಇರುವವರಿಗೆ ಕಡಿಮೆ. "ನಾವೂ ಇವರ ಮನೇಲೇ ಇರೋದು" ಅಂತ ಕೌಂಟರಿನ ಹುಡುಗಿ ಹತ್ತಿರ ಅವನ ವಾದ. ಹಿಂದೆ ಸಾಲು ಬೆಳೆಯುತ್ತಿತ್ತು. ನಮ್ಮನೆಯವರೇ ದುಡ್ಡು ಕೊಟ್ಟರು. ವಾಪಸ್ ಬಂತಾ ಅಂತ ಕೇಳಬೇಡಿ.

ಒಳಗೆ ಹೋದರೆ ಕರಿ ಬಂಡೆಯ ಗೋಡೆ, ಕೆಳಗೆ ಕೊರಕಲು. ಆ ಮಾವ ಕಂಬಿ ಹಿಡಿದು ನಿಂತು, "ಇದಕ್ಕಾ ಇಷ್ಟು ದೂರ ಬಂದಿದ್ದು? ನಮ್ಮ ಜೋಗ ಇದಕ್ಕಿಂತ ಎಷ್ಟೋ ಎತ್ತರ" ಅಂದರು. ನಿಜ, ಜೋಗ 253 ಮೀಟರ್, ಇದು 108. ಆದರೆ ಸ್ವಾಮಿ, ನೀವು ಶಿವಮೊಗ್ಗದವರು! ಏಪ್ರಿಲ್ ಬಿಸಿಲಲ್ಲಿ ಜೋಗಕ್ಕೆ ಯಾರಾದರೂ ನೆಂಟರನ್ನು ಕರೆದುಕೊಂಡು ಹೋಗ್ತೀರಾ? ಲಿಂಗನಮಕ್ಕಿಯಲ್ಲಿ ನೀರು ನಿಲ್ಲಿಸಿ ಕರೆಂಟ್ ಮಾಡ್ತಾರೆ, ಮಳೆಗಾಲದಲ್ಲಿ ಬನ್ನಿ ಅಂತ ನೀವೇ ಹೇಳ್ತೀರಲ್ಲ. ಇಲ್ಲಿಗೆ ಆ ಬುದ್ಧಿ ಯಾಕೆ ಬರಲ್ಲ? ಜಿಂಬಾಬ್ವೆ ಕಡೆ ಅಕ್ಟೋಬರಿನಲ್ಲೂ ನೀರಿರುತ್ತದೆ, 1905ರ ಸೇತುವೆ ದಾಟಿದರೆ ಆಯ್ತು. ಆದರೆ ವೀಸಾಕ್ಕೆ, ಟಿಕೆಟ್ಟಿಗೆ ಮತ್ತೆ ಡಾಲರ್. "ನೀರು ನೋಡೋಕೂ ವೀಸಾನಾ?" ಅಂತ ಅದೂ ಬೇಡವಾಯಿತು. ಅಷ್ಟರಲ್ಲಿ ಬಬೂನೊಂದು ಬಂದು ಅವರ ಚಕ್ಕುಲಿ ಪೊಟ್ಟಣ ಕಿತ್ತುಕೊಂಡು ಹೋಯಿತು. ಆ ಪ್ರವಾಸದಲ್ಲಿ ನನಗೆ ಸಮಾಧಾನ ಆಗಿದ್ದು ಆಗ ಮಾತ್ರ.

ನ್ಯಾಯವಾಗಿ ಹೇಳಬೇಕು ಅಂದರೆ ಪ್ರಾಣಿ ನೋಡುವುದಕ್ಕೆ ಅಕ್ಟೋಬರ್ ಒಳ್ಳೆಯದೇ. ಕಾಡೆಲ್ಲ ಒಣಗಿ ಆನೆ, ಚಿರತೆ ಎಲ್ಲ ನದಿ ಹತ್ತಿರ ಬರುತ್ತವೆ. ಇಲ್ಲಿನ ಸೌತ್ ಲುವಾಂಗ್ವಾ ನ್ಯಾಷನಲ್ ಪಾರ್ಕಿಗೆ ಹೋಗಿ ಅಂದೆ. ಅಲ್ಲಿನ ಲಾಡ್ಜ್ ರೇಟ್ ನೋಡಿ ಸುಮ್ಮನಾದರು. ಆಮೇಲೆ ನಮ್ಮ ಹಾಲಿನಲ್ಲಿ ಕೂತು, ಮಸಾಯಿ ಮಾರಾಕ್ಕೆ ಒಂದು ದಿನದಲ್ಲಿ ಹೋಗಿ ಬರಬಹುದಾ ಅಂತ ಕೇಳಿದರು. ಅದು ಕೀನ್ಯಾ!

ಇಷ್ಟೂ ಸಹಿಸಿಕೊಂಡೆ. ಸಹಿಸಲು ಆಗದೇ ಹೋಗಿದ್ದು ಬೇರೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ನನಗಿಂತ ದೊಡ್ಡವರು. ಇಲ್ಲಿ ಯಾರಿಗೇ ಆಗಲಿ, "ಮುಲಿ ಬ್ವಾಂಜಿ", ಅಂದರೆ ಹೇಗಿದ್ದೀರಿ ಅಂತ ಕೇಳಿ, ಅವರು "ಬ್ವಿನೋ", ಚೆನ್ನಾಗಿದ್ದೀನಿ ಅಂದ ಮೇಲೇ ಬೇರೆ ಮಾತು. ಈ ನೆಂಟರು ಸೋಫಾದಲ್ಲಿ ಕೂತಲ್ಲಿಂದಲೇ ಲೋಟ ಎತ್ತಿ ತೋರಿಸಿ "ಏಯ್, ವಾಟರ್" ಅನ್ನುತ್ತಿದ್ದರು. ಆಕೆ ಒಂದು ಮೊಣಕಾಲು ಸ್ವಲ್ಪ ಬಾಗಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು ಕೊಟ್ಟರು. ಒಂದು ಥ್ಯಾಂಕ್ಸ್ ಇಲ್ಲ. ನನಗೆ ಅಡುಗೆಮನೆಯಲ್ಲಿ ಮುಖ ಎತ್ತಲು ಆಗಲಿಲ್ಲ. ಮಕ್ಕಳ ಎದುರಿಗೇ ಹೇಳಿದೆ, ಈ ಮನೆಯಲ್ಲಿ ಹಾಗೆ ಕೂಗುವಂತಿಲ್ಲ ಅಂತ. ಅದಕ್ಕೆ ಅವರಿಗೆ ಬೇಜಾರಾಯಿತಂತೆ.

ಊರಿಗೆ ಹೋಗಿ ಏನು ಹೇಳಿದರು ಗೊತ್ತಾ? "ಪಾಪ, ಕತ್ತಲಲ್ಲಿ ಬದುಕ್ತಿದಾರೆ. ಸ್ನಾನಕ್ಕೂ ಬಕೆಟ್ ಲೆಕ್ಕ. ಅತ್ತಿಗೆಗೆ ಸಿಡುಕು ಜಾಸ್ತಿ ಆಗಿದೆ." ನಮ್ಮಮ್ಮ ಗಾಬರಿಯಾಗಿ ಫೋನ್ ಮಾಡಿ, ದುಡ್ಡು ಕಳಿಸಲಾ ಅಂತ ಕೇಳಿದರು.

ಈಗ ಅವನ ಷಡ್ಡಕನ ಸರದಿ. ಅವನೂ ದಸರಾ ರಜಕ್ಕೇ ಬರ್ತಾನಂತೆ, ಟಿಕೆಟ್ ಆಗಿದೆಯಂತೆ. ನಮ್ಮನೆಯವರು ನನ್ನನ್ನು ಒಂದು ಮಾತು ಕೇಳದೆ "ಬರಲಿ ಬಿಡು" ಅಂದುಬಿಟ್ಟಿದ್ದಾರೆ. ಬರಲಿ. ಕರೆಂಟ್ ಇರಲಿ, ಬಿಡಲಿ, ಈ ಸಲ ರಾತ್ರಿ ಎರಡು ಗಂಟೆಗೆ ಎದ್ದು ಹಿಟ್ಟು ರುಬ್ಬುವುದು ಅವರೇ.